ಹಾಸಿಗೆ ಬಿಟ್ಟು ಮರಳಿನ ಟ್ರೇಯಲ್ಲಿ ಮಲಗುವ ಬೆಕ್ಕು

ಚಿತ್ರದುರ್ಗದಲ್ಲಿ ನಮ್ಮ ಮನೆಗೆ ಹತ್ತಿರವೇ ಒಂದು ಪುಟ್ಟ ಶೆಲ್ಟರ್ ಇದೆ. ಹಳೇ ಮಾಳಿಗೆ ಮನೆ, ಎರಡು ಕೋಣೆ, ಹಿಂದೆ ಜಾಲರಿ ಹಾಕಿದ ಹಿತ್ತಲು, ಅಷ್ಟೇ. ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡ ಬೆಕ್ಕು, ಮನೆ ಖಾಲಿ ಮಾಡುವಾಗ ಯಾರೋ ಬಿಟ್ಟು ಹೋದ ಬೆಕ್ಕು, ಚೀಲದಲ್ಲಿ ಕಟ್ಟಿ ರಸ್ತೆ ಬದಿ ಬಿಸಾಕಿದ ಮರಿಗಳು, ಎಲ್ಲವೂ ಕೊನೆಗೆ ಅಲ್ಲಿಗೇ ಬರುತ್ತವೆ. ಭಾನುವಾರ ಬೆಳಿಗ್ಗೆ ನಾನು ಹೋಗಿ ಬೋನು ತೊಳೆಯುವುದು, ನೀರು ಇಡುವುದು, ಔಷಧಿ ಹಾಕುವಾಗ ಹಿಡಿದುಕೊಳ್ಳುವುದು ಮಾಡುತ್ತೇನೆ.

ಹೋದ ಡಿಸೆಂಬರ್‌ನಲ್ಲಿ ಅಲ್ಲಿಗೊಂದು ಬೂದು ಪಟ್ಟೆಯ ಹೆಣ್ಣು ಬೆಕ್ಕು ಬಂತು. ಸಾಕಿದ್ದ ಅಜ್ಜಿ ತೀರಿಕೊಂಡಿದ್ದರು, ಮನೆಗೆ ಬೀಗ ಬಿದ್ದಿತ್ತು. ಬೋನಿನಲ್ಲಿ ಅದಕ್ಕೆ ಎಲ್ಲವೂ ಇತ್ತು. ಮೆತ್ತನೆ ಹಾಸಿಗೆ, ನೀರು, ಮೀನು ಕಲಸಿದ ಅನ್ನ. ಆದರೆ ಅದು ಹೋಗಿ ಕೂತದ್ದು ಮರಳಿನ ಟ್ರೇಯಲ್ಲಿ. ಗೋಡೆಗೆ ಮುಖ, ನಮಗೆ ಬೆನ್ನು. ತಾನು ಉಚ್ಚೆ ಹೊಯ್ಯುವ ಮರಳಿನ ಮೇಲೇ ಎರಡು ದಿನ ಮಲಗಿತು.

ನೋಡಿ ನನಗೆ ಸಂಕಟವಾಯಿತು. ಅದನ್ನು ಎತ್ತಿ ಪಕ್ಕಕ್ಕಿಟ್ಟೆ. ಟ್ರೇ ತಿಕ್ಕಿ ತೊಳೆದೆ, ಹೊಸ ಮರಳು ಹಾಕಿದೆ, ಹಾಸಿಗೆ ಬದಲಿಸಿದೆ. ಬೋನೆಲ್ಲ ಲಕಲಕ ಅನ್ನುತ್ತಿತ್ತು. ಸಂಜೆ ಹೊತ್ತಿಗೆ ಬೆಕ್ಕು ಒಂದು ತುತ್ತೂ ಮುಟ್ಟದೆ ಮೂಲೆಯಲ್ಲಿ ಮುದುಡಿ ಕೂತಿತ್ತು. ಶೆಲ್ಟರ್ ನೋಡಿಕೊಳ್ಳುವ ಅಕ್ಕ ಬಂದು ನೋಡಿ, "ಅದಕ್ಕೆ ಮೆತ್ತಗಿರೋದು ಬೇಡ ಕಣವ್ವ, ಮರೆ ಬೇಕು" ಅಂದರು.

ಆಮೇಲೆ ಅವರು ಮಾಡಿದ್ದು ಇಷ್ಟು. ಕಿರಾಣಿ ಅಂಗಡಿಯಿಂದ ತಂದಿಟ್ಟಿದ್ದ ಎಣ್ಣೆ ಪ್ಯಾಕೆಟ್ಟಿನ ರಟ್ಟಿನ ಡಬ್ಬ ತಗೊಂಡರು. ಒಂದು ಬದಿಯಲ್ಲಿ ಬೆಕ್ಕು ನುಸುಳುವಷ್ಟೇ ಕಿಂಡಿ ಕೊರೆದರು. ನಾನು ಒಗೆಯಲು ತೆಗೆದಿಟ್ಟಿದ್ದ ಹಳೇ ಬಟ್ಟೆಯನ್ನೇ ವಾಪಸ್ ತಂದು ಒಳಗೆ ಹಾಸಿದರು. ಕಿಂಡಿಯನ್ನು ನಾವು ಓಡಾಡುವ ಕಡೆಗೆ ಇಡಲಿಲ್ಲ, ಪಕ್ಕದ ಗೋಡೆ ಕಡೆಗೆ ತಿರುಗಿಸಿದರು. ಬೋನಿನ ಮುಂದೆ ಒಂದು ಹಳೇ ಸೀರೆಯನ್ನು ಅರ್ಧಕ್ಕೆ ಇಳಿಬಿಟ್ಟರು. ನಾವು ಪಕ್ಕದ ಕೋಣೆಗೆ ಹೋಗಿ ಹತ್ತು ನಿಮಿಷ ಆಗಿರಲಿಲ್ಲ, ಬೆಕ್ಕು ಡಬ್ಬದ ಒಳಗಿತ್ತು. ಕಿಂಡಿಯಲ್ಲಿ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಆ ರಾತ್ರಿ ಅದು ಅನ್ನ ತಿಂದಿತು.

ಅವತ್ತಿನಿಂದ ನಾನು ಬೆಕ್ಕುಗಳ ಮಲಗುವ ಜಾಗವನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಬೆಕ್ಕು ವಿಚಿತ್ರ ಜಾಗದಲ್ಲಿ ಮಲಗಿದರೆ ಅದು ಚೇಷ್ಟೆಯಲ್ಲ. ಅದಕ್ಕೆ ಏನು ಸಿಕ್ಕಿಲ್ಲ ಅನ್ನುವುದನ್ನು ಆ ಜಾಗವೇ ಹೇಳುತ್ತಿರುತ್ತದೆ.

ಮೊದಲು ಆ ಮರಳಿನ ಟ್ರೇ ವಿಷಯ. ಬೆಕ್ಕು ಎಷ್ಟು ಮಡಿಯ ಪ್ರಾಣಿ ಅಂತ ಎಲ್ಲರಿಗೂ ಗೊತ್ತು. ಹೇಲು ಮುಚ್ಚದೆ ಹೋಗುವುದಿಲ್ಲ, ಎಚ್ಚರವಿದ್ದಾಗ ಆಗಾಗ ಮೈ ನೆಕ್ಕಿಕೊಳ್ಳುತ್ತಲೇ ಇರುತ್ತದೆ. ಅಂಥದ್ದು ಗಲೀಜಿನ ಮೇಲೆ ಮಲಗುತ್ತೆ ಅಂದರೆ ಭಯ ಎಷ್ಟಿರಬೇಕು ಹೇಳಿ. ಹೊಸ ಜಾಗದಲ್ಲಿ ಅದರ ಮೂಗಿಗೆ ಬರುವುದೆಲ್ಲ ಪರರ ವಾಸನೆ. ಬೇರೆ ಬೆಕ್ಕು, ನಾಯಿ, ಸೋಪು, ಔಷಧಿ, ಹತ್ತಾರು ಜನರ ಕೈ. ಅಷ್ಟರ ನಡುವೆ "ಇದು ನನ್ನದು" ಅನ್ನುವ ವಾಸನೆ ಇರುವುದು ಟ್ರೇಯಲ್ಲಿ ಮಾತ್ರ. ಜೊತೆಗೆ ಟ್ರೇಗೆ ಸುತ್ತ ಅಂಚು ಇದೆ, ಗಿಡ್ಡದಾದರೂ ಒಂದು ಗೋಡೆ. ಹಾಸಿಗೆಗೆ ಅದೂ ಇಲ್ಲ. ನಾನು ಟ್ರೇ ತೊಳೆದಾಗ ಅದಕ್ಕಿದ್ದ ಒಂದೇ ಒಂದು ಗುರುತನ್ನೂ ಅಳಿಸಿಬಿಟ್ಟಿದ್ದೆ.

ಬೆಕ್ಕಿನ ಕೆನ್ನೆ, ಗದ್ದ, ಹಣೆ, ಬಾಲದ ಬುಡ, ಪಾದ, ಇಲ್ಲೆಲ್ಲ ವಾಸನೆ ಬಿಡುವ ಗ್ರಂಥಿಗಳಿವೆ. ಅದು ನಮ್ಮ ಕಾಲಿಗೆ, ಬಾಗಿಲ ಚೌಕಟ್ಟಿಗೆ, ಮಂಚದ ಮೂಲೆಗೆ ಕೆನ್ನೆ ಉಜ್ಜುವುದು ಸುಮ್ನೆ ಅಲ್ಲ. ತನ್ನ ವಾಸನೆ ಹಚ್ಚಿ ಆ ಜಾಗವನ್ನು ತನ್ನದು ಮಾಡಿಕೊಳ್ಳುತ್ತದೆ. ನಮ್ಮ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಹಾಗಾಗಿ ಒಂದೇ ಬೆಕ್ಕು ಇರುವ ಬೋನನ್ನು ದಿನಾ ಪೂರ್ತಿ ತೊಳೆಯಬಾರದು. ಗಲೀಜಾದ ಕಡೆ ಮಾತ್ರ ಒರೆಸಿ, ಒಂದು ಬಟ್ಟೆಯನ್ನಾದರೂ ಹಾಗೇ ಬಿಡಬೇಕು. ಆ ಬೆಕ್ಕು ಹೋಗಿ ಬೇರೆ ಬರುವಾಗ ಪೂರ್ತಿ ತೊಳೆದರಾಯಿತು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆಕ್ಕಿರುವ ಕಡೆ ಫಿನೈಲ್ ಬೇಡವೇ ಬೇಡ. ಅದರಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಬಹಳ ಕಡಿಮೆ. ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ವಿಷ ಹೊಟ್ಟೆಗೆ ಹೋಗುತ್ತದೆ.

ಈಗ ಅಕ್ಕ ಹೇಳಿದ ಆ "ಮರೆ" ಅನ್ನುವ ಮಾತಿಗೆ ಬರೋಣ. ನಮ್ಮ ಊರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಕೋಟೆಗೆ ಹೋದವರೆಲ್ಲ ಒನಕೆ ಓಬವ್ವನ ಕಿಂಡಿ ನೋಡಿರುತ್ತಾರೆ. ಒಬ್ಬರು ಬಗ್ಗಿಕೊಂಡು ನುಸುಳುವಷ್ಟೇ ಜಾಗ. ಹೈದರಾಲಿಯ ಸೈನಿಕರು ಎಷ್ಟೇ ಜನ ಇರಲಿ, ಆ ಕಿಂಡಿಯಲ್ಲಿ ಒಬ್ಬೊಬ್ಬರೇ ತಲೆ ತೂರಿಸಬೇಕು. ಒಳಗೆ ನಿಂತವರಿಗೆ ಬರುವವರು ಕಾಣುತ್ತಾರೆ, ಬರುವವರಿಗೆ ಒಳಗಿನವರು ಕಾಣುವುದಿಲ್ಲ. ಓಬವ್ವ ಒಬ್ಬಳೇ ಅಷ್ಟು ಜನರನ್ನು ತಡೆದದ್ದು ಆ ಜಾಗದ ಬಲದಿಂದಲೂ ಹೌದು. ಬೆಕ್ಕು ಹುಡುಕುವುದೂ ಅಂಥದ್ದೇ ಜಾಗವನ್ನು. ಮೂರು ಕಡೆ ಗೋಡೆ, ತಲೆ ಮೇಲೆ ಸೂರು, ಒಂದೇ ಸಣ್ಣ ಬಾಯಿ.

ಯಾಕೆ ಅಂದರೆ ಬೆಕ್ಕು ಬೇಟೆಗಾರ ಮಾತ್ರ ಅಲ್ಲ, ತಾನೂ ಬೇಟೆಗೆ ಸಿಗುವಷ್ಟು ಸಣ್ಣ ಪ್ರಾಣಿ. ಇವತ್ತಿನ ಸಾಕುಬೆಕ್ಕುಗಳೆಲ್ಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾ ಕಡೆಯ ಕಾಡುಬೆಕ್ಕಿನ ಸಂತಾನ. ಅದು ಒಂಟಿಯಾಗಿ ಬದುಕುವ ಪ್ರಾಣಿ. ನಾಯಿಗೆ ಹಿಂಡಿದೆ, ಒಂದು ಮಲಗಿದರೆ ಇನ್ನೊಂದು ಎದ್ದಿರುತ್ತದೆ. ಒಂಟಿ ಬೆಕ್ಕಿಗೆ ಕಾವಲು ಕಾಯುವವರು ಯಾರೂ ಇಲ್ಲ, ಜಾಗವೇ ಕಾಯಬೇಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಎಲುಬು ಸಿಕ್ಕಿದೆ. ಅಷ್ಟು ಹಳೆಯ ಸಂಬಂಧ ನಮ್ಮದು. ಆದರೂ ಭಯವಾದಾಗ ಅದರ ಒಳಗಿನ ಕಾಡುಬೆಕ್ಕೇ ಮೇಲೆದ್ದು ಬರುತ್ತದೆ.

ಇದನ್ನು ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಒಂದು ಶೆಲ್ಟರ್‌ಗೆ ಹೊಸದಾಗಿ ಬಂದ 19 ಬೆಕ್ಕುಗಳನ್ನು ಗಮನಿಸಿದರು. 10ಕ್ಕೆ ಅಡಗಲು ಡಬ್ಬ ಕೊಟ್ಟರು, 9ಕ್ಕೆ ಕೊಡಲಿಲ್ಲ. ಕಿವಿ, ಕಣ್ಣು, ಹೊಟ್ಟೆ, ಬಾಲ, ಕೂರುವ ರೀತಿ ಎಲ್ಲ ನೋಡಿ ಭಯಕ್ಕೆ 1ರಿಂದ 7ರವರೆಗೆ ಅಂಕ ಕೊಡುವ ಒಂದು ಪದ್ಧತಿ ಇದೆ, ಅದನ್ನೇ ಬಳಸಿದರು. ಡಬ್ಬ ಸಿಕ್ಕ ಬೆಕ್ಕುಗಳು ಮೊದಲ ಕೆಲವೇ ದಿನದಲ್ಲಿ ಹಗುರಾದವು. ಸಿಗದವು ಅಲ್ಲಿಗೆ ಬರಲು ಎರಡು ವಾರ ಹಿಡಿಯಿತು. 2014ರಲ್ಲಿ ಪ್ರಕಟವಾದ ಅಧ್ಯಯನ ಇದು. ಬೆಕ್ಕಿನ ಸಂಖ್ಯೆ ಚಿಕ್ಕದು, ನಿಜ. ಆದರೆ ನಾವು ಪ್ರತಿ ವಾರ ಕಣ್ಣಾರೆ ನೋಡುವುದೂ ಅದನ್ನೇ. ಎರಡು ವಾರದ ಭಯ ಅಂದರೆ ಸಣ್ಣದಲ್ಲ. ಹೆದರಿದ ಬೆಕ್ಕು ತಿನ್ನುವುದಿಲ್ಲ. ರೋಗ ತಡೆಯುವ ಶಕ್ತಿ ಇಳಿಯುತ್ತದೆ, ಶೆಲ್ಟರ್‌ನ ನೆಗಡಿ ಅದಕ್ಕೇ ಮೊದಲು ಅಂಟುತ್ತದೆ.

"ಡಬ್ಬದಲ್ಲಿ ಅಡಗಿ ಕೂತರೆ ದತ್ತು ತಗೊಳ್ಳೋಕೆ ಬಂದವರಿಗೆ ಕಾಣೋದು ಹೇಗೆ?" ಅಂತ ಎಷ್ಟೋ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅಡಗಲು ಜಾಗ ಇಲ್ಲದ ಬೆಕ್ಕು ಕಾಣುತ್ತದೆ, ಹತ್ತಿರ ಬರುವುದಿಲ್ಲ. ಬೇಕೆಂದಾಗ ಒಳಗೆ ಹೋಗಬಹುದು ಅಂತ ಗೊತ್ತಿರುವ ಬೆಕ್ಕೇ ಧೈರ್ಯವಾಗಿ ಹೊರಗೆ ಬರುವುದು. ನಮ್ಮ ಬೂದು ಬೆಕ್ಕು ಐದನೇ ದಿನ ಡಬ್ಬದ ಒಳಗಿನಿಂದ ಡಬ್ಬದ ಮೇಲಕ್ಕೆ ಬಂದು ಕೂತಿತು. ಆ ಬದಲಾವಣೆಗೆ ನಾವು ಕಾಯುತ್ತಾ ಇರುತ್ತೇವೆ. ಒಳಗಿದ್ದರೆ ಕಿಂಡಿಯ ಹಿಂದೆ, ಮೇಲಿದ್ದರೆ ಬತೇರಿಯ ಮೇಲೆ ನಿಂತ ಕಾವಲುಗಾರ. ಎತ್ತರ ಸಿಕ್ಕರೆ ಇಡೀ ಕೋಣೆ ಕಣ್ಣಳತೆಗೆ ಬರುತ್ತದೆ, ಹಿಂದಿನಿಂದ ಯಾರೂ ಬರಲಾರರು. ಹಳೇ ಮನೆಗಳಲ್ಲಿ ಬೆಕ್ಕು ಅಟ್ಟದ ಮೇಲೆ, ಬೀರುವಿನ ತಲೆ ಮೇಲೆ, ಸಜ್ಜದ ಪಾತ್ರೆಗಳ ನಡುವೆ ಮಲಗುವುದು ಇದಕ್ಕೇ.

ಆದರೆ ನಾಲ್ಕಾರು ಬೆಕ್ಕು ಒಟ್ಟಿಗೆ ಇರುವ ಕೋಣೆಯಲ್ಲಿ ಒಂದೇ ಬಾಯಿಯ ಡಬ್ಬ ಅಪಾಯ. ಜೋರಿನ ಬೆಕ್ಕು ಬಾಗಿಲಲ್ಲಿ ಕೂತುಬಿಟ್ಟರೆ ಒಳಗಿನದ್ದು ಸಿಕ್ಕಿಹಾಕಿಕೊಳ್ಳುತ್ತದೆ. ನೀರಿಗೂ ಬರಲಾರದು, ಟ್ರೇಗೂ ಬರಲಾರದು. ಅಲ್ಲಿ ಡಬ್ಬಕ್ಕೆ ಎರಡು ಬಾಯಿ ಇರಬೇಕು. ಕೋಟೆ ಕಟ್ಟಿದವರು ಕಳ್ಳದಾರಿ ಇಟ್ಟದ್ದೂ ಇದಕ್ಕೇ ಅಲ್ವಾ? ಮಲಗುವ ಜಾಗ ಬೆಕ್ಕಿನ ಸಂಖ್ಯೆಗಿಂತ ಜಾಸ್ತಿಯೇ ಇರಲಿ, ಬೇರೆ ಬೇರೆ ಎತ್ತರದಲ್ಲಿರಲಿ. ಊಟ, ಹಾಸಿಗೆ, ಟ್ರೇ ಈ ಮೂರರ ನಡುವೆ ಎರಡಡಿಯಾದರೂ ಅಂತರ ಬೇಕು. ಚಿಕ್ಕ ಬೋನಿನಲ್ಲಿ ಅಷ್ಟು ಸಿಗದಿದ್ದರೆ ಎರಡು ಬೋನು ಜೋಡಿಸಿ ನಡುವೆ ದಾರಿ ಮಾಡುತ್ತೇವೆ.

ರಟ್ಟಿನ ಡಬ್ಬವೇ ಯಾಕೆ ಅಂತ ಕೇಳಿದರೆ ಎರಡು ಕಾರಣ. ಒಂದು, ಬಿಸಾಕಬಹುದು. ಪ್ಯಾನ್‌ಲ್ಯೂಕೋಪೀನಿಯಾ ಅನ್ನುವ ರೋಗ ಬಂತು ಅಂದರೆ ಮರಿಗಳು ಸಾಲಾಗಿ ಸಾಯುತ್ತವೆ. ಅದರ ವೈರಸ್ ಒಂದು ವರ್ಷದವರೆಗೂ ನೆಲದಲ್ಲಿ, ಬಟ್ಟೆಯಲ್ಲಿ ಉಳಿಯಬಲ್ಲದು. ಮಾಮೂಲಿ ಸೋಪಿಗೆ ಅದು ಜಗ್ಗುವುದಿಲ್ಲ, ಬ್ಲೀಚ್ ನೀರು ಬೇಕು. ರಟ್ಟನ್ನು ಬ್ಲೀಚ್‌ನಲ್ಲಿ ತೊಳೆಯಲಾಗದು, ಸುಟ್ಟು ಹೊಸದು ಇಟ್ಟರಾಯಿತು. ಇನ್ನೊಂದು ಕಾರಣ ಬಿಸಿ.

ಬೆಕ್ಕಿನ ಮೈ ಬಿಸಿ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಮೈ ಬಿಸಿ ಕಾಪಾಡಲು ಶಕ್ತಿ ಖರ್ಚು ಮಾಡದೆ ಅದು ಹಾಯಾಗಿ ಇರಬೇಕೆಂದರೆ ಸುತ್ತಲೂ 30ರಿಂದ 38 ಡಿಗ್ರಿ ಇರಬೇಕು. ನಮಗೆ ಫ್ಯಾನ್ ಬೇಕು ಅನಿಸುವ ಬಿಸಿ ಅದಕ್ಕೆ ಹಿತ. ಚಿತ್ರದುರ್ಗದ ಡಿಸೆಂಬರ್ ರಾತ್ರಿ 16 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಮೇಲೆ ಈ ಊರಿನ ಗಾಳಿ. ನಾವು ಒಂದು ಶಾಲು ಹೊದ್ದು ಸುಮ್ಮನಾಗುತ್ತೇವೆ, ಬೆಕ್ಕು ನಡುಗುತ್ತಿರುತ್ತದೆ. ನಮ್ಮ ಕಡೆ ತೀರಾ ಬಡತನವನ್ನು "ಆ ಮನೆ ಒಲೆಯಲ್ಲಿ ಬೆಕ್ಕು ಮಲಗಿದೆ" ಅಂತ ಹೇಳುತ್ತಾರೆ. ಒಲೆ ಹಚ್ಚದ ಮನೆ ಅಂತ ಅರ್ಥ. ಆದರೆ ಸೌದೆ ಒಲೆ ಇದ್ದ ಮನೆಯಲ್ಲಿ ಬೆಳೆದವರಿಗೆ ಇನ್ನೊಂದೂ ಗೊತ್ತು. ರಾತ್ರಿ ಅಡುಗೆ ಮುಗಿದು ಬೆಂಕಿ ಆರಿದ ಮೇಲೆ, ಬೂದಿ ಇನ್ನೂ ಬೆಚ್ಚಗಿರುವಾಗ ಬೆಕ್ಕು ಹೋಗಿ ಅಲ್ಲೇ ಮಲಗುತ್ತಿತ್ತು. ಬೆಳಿಗ್ಗೆ ಮೈಯೆಲ್ಲ ಬೂದಿ. ಇವತ್ತಿನ ಬೆಕ್ಕು ಟಿವಿಯ ಸೆಟ್ ಟಾಪ್ ಬಾಕ್ಸ್ ಮೇಲೆ, ಫ್ರಿಜ್ಜಿನ ಹಿಂದೆ, ಆಗಷ್ಟೇ ನಿಲ್ಲಿಸಿದ ಕಾರಿನ ಇಂಜಿನ್ ಸಂದಿಯಲ್ಲಿ ಮಲಗುತ್ತದೆ. ಚಳಿಗಾಲದ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ಜೋರಾಗಿ ತಟ್ಟಿ. ದಯವಿಟ್ಟು ತಟ್ಟಿ.

ರಟ್ಟಿನ ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅದು ಬೆಕ್ಕಿನ ಮೈ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಕಡಪ ಕಲ್ಲಿನ ನೆಲ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಹಾಗಾಗಿ ನಮ್ಮಲ್ಲಿ ನೆಲದ ಮೇಲೆ ಗೋಣಿಚೀಲ, ಅದರ ಮೇಲೆ ರಟ್ಟು, ಒಳಗೆ ಹಳೇ ಕಂಬಳಿ ತುಂಡು. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಮುಟ್ಟಿದರೆ ಒರಟು. ಮೆತ್ತನೆ ಸ್ಪಂಜಿನ ಹಾಸಿಗೆ ಪಕ್ಕದಲ್ಲೇ ಇದ್ದರೂ ಬೆಕ್ಕು ಕಂಬಳಿಗೇ ಹೋಗುತ್ತದೆ, ಮುಂಗಾಲಿನಲ್ಲಿ ಹಿಟ್ಟು ನಾದಿದ ಹಾಗೆ ನಾದಿ ನಾದಿ ಮಲಗುತ್ತದೆ. ಮರಿಯಾಗಿದ್ದಾಗ ಹಾಲಿಗಾಗಿ ತಾಯಿಯ ಹೊಟ್ಟೆ ಒತ್ತಿದ ಅಭ್ಯಾಸ ಅದು. ತಾಯಿ ಇಲ್ಲದ ಮರಿಗಳಿಗಂತೂ ಬಿಸಿಯೇ ಪ್ರಾಣ. ಮೊದಲ ಮೂರ್ನಾಲ್ಕು ವಾರ ಅವು ತಮ್ಮ ಮೈ ಬಿಸಿಯನ್ನು ತಾವೇ ಕಾಪಾಡಿಕೊಳ್ಳಲಾರವು. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕಕ್ಕಿಡಬೇಕು. ಮೈ ತಣ್ಣಗಾದ ಮರಿಗೆ ಮೊದಲು ಹಾಲು ಕುಡಿಸಬಾರದು, ಅರಗುವುದಿಲ್ಲ. ಮೊದಲು ಬಿಸಿ, ಆಮೇಲೆ ಹಾಲು.

ಏಪ್ರಿಲ್ ಬಂತೆಂದರೆ ಎಲ್ಲ ಉಲ್ಟಾ. ಬೆಕ್ಕು ಬೆವರುವುದು ಪಾದದಲ್ಲಿ ಮಾತ್ರ. ಅದಕ್ಕೇ ಮೈ ನೆಕ್ಕಿ ಒದ್ದೆ ಮಾಡಿಕೊಳ್ಳುತ್ತದೆ, ಬಚ್ಚಲಿನ ಕಲ್ಲಿನ ಮೇಲೆ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಅದು ಸರಿಯೇ. ಆದರೆ ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕೂಡಲೇ ಡಾಕ್ಟರ್ ಹತ್ತಿರ ಓಡಿ.

ಜಾಗದ ಹಾಗೆ ಭಂಗಿಯೂ ಮಾತಾಡುತ್ತದೆ. ಬೆಕ್ಕು ದಿನಕ್ಕೆ 12ರಿಂದ 16 ಗಂಟೆ ಮಲಗುತ್ತದೆ ಅನ್ನುತ್ತಾರೆ, ಆದರೆ ಅದರಲ್ಲಿ ಬಹುಪಾಲು ಕೋಳಿನಿದ್ದೆ. ನಿಜವಾದ ಗಾಢ ನಿದ್ದೆ ಬರುವುದು ತುಂಡು ತುಂಡಾಗಿ. ಫ್ರಾನ್ಸಿನ ವಿಜ್ಞಾನಿ ಮಿಶೆಲ್ ಜೂವೆ 1959ರ ಹೊತ್ತಿಗೆ ಬೆಕ್ಕುಗಳಲ್ಲೇ ಒಂದು ವಿಚಿತ್ರ ನಿದ್ದೆಯನ್ನು ಗುರುತಿಸಿದರು. ಮಿದುಳು ಎಚ್ಚರದ ಹಾಗೆ ಓಡುತ್ತಿರುತ್ತದೆ, ಮೈ ಮಾತ್ರ ಪೂರ್ತಿ ಸಡಿಲ. ನಾವು ಕನಸು ಕಾಣುವುದು ಜಾಸ್ತಿ ಆ ಹಂತದಲ್ಲೇ. ಬೆಕ್ಕಿನ ಮೀಸೆ ಅದುರುವುದು, ಪಾದ ಸಣ್ಣಗೆ ಒದೆಯುವುದು ಆಗಲೇ. ಮೈ ಸಡಿಲವಾದರೆ ಕುತ್ತಿಗೆ ನಿಲ್ಲುವುದಿಲ್ಲ, ಓಡಿಹೋಗಲೂ ಆಗುವುದಿಲ್ಲ. ಹಾಗಾಗಿ ಹೆದರಿದ ಬೆಕ್ಕು ಆ ನಿದ್ದೆಗೆ ಇಳಿಯಲು ಮನಸ್ಸು ಮಾಡುವುದಿಲ್ಲ. ಸಿಂಬೆ ಸುತ್ತಿಕೊಂಡು ಮೂಗನ್ನು ಬಾಲದಲ್ಲಿ ಮುಚ್ಚಿ ಮಲಗಿದರೆ ಚಳಿ ಇದೆ, ಆದರೆ ನಿದ್ದೆ ನಿಜ. ಪಕ್ಕಕ್ಕೆ ವಾಲಿ ಕಾಲು ಚಾಚಿದರೆ ನೆಮ್ಮದಿ. ಹೊಟ್ಟೆ ಮೇಲೆ ಮಾಡಿ ಮಲಗಿದರೆ ಪೂರ್ತಿ ನಂಬಿಕೆ. ಹೊಟ್ಟೆ ಮುಟ್ಟಿ ಅಂತ ಕರೆದದ್ದಲ್ಲ ಅದು, ಮುಟ್ಟಿದವರ ಕೈಗೆ ಗೀರು ಬೀಳುತ್ತದೆ.

ನಾವು ಮೋಸ ಹೋಗುವುದು ಕಳ್ಳನಿದ್ದೆಯಲ್ಲಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಗೊತ್ತಾಗುವುದಿಲ್ಲವೇ ಅಂತ ಗಾದೆ ಇದೆ. ಶೆಲ್ಟರ್‌ನಲ್ಲಿ ಬೆಕ್ಕು ಕಣ್ಣು ಮುಚ್ಚಿದರೆ ನಮಗೆ ನಿಜವಾಗಿಯೂ ಗೊತ್ತಾಗುವುದಿಲ್ಲ. "ಪಾಪ, ಆರಾಮಾಗಿ ಮಲಗಿದೆ" ಅಂತ ಮುಂದೆ ಹೋಗುತ್ತೇವೆ. ಹತ್ತಿರ ಹೋಗಿ ನೋಡಿ. ಕಣ್ಣು ಬಿಗಿಯಾಗಿ ಒತ್ತಿ ಮುಚ್ಚಿರುತ್ತದೆ. ಕಿವಿ ಮಾತ್ರ ಪ್ರತಿ ಸದ್ದಿಗೂ ತಿರುಗುತ್ತದೆ. ನಾಲ್ಕೂ ಪಾದ ಮೈ ಕೆಳಗೆ, ಈಗಲೇ ಎದ್ದು ಓಡುವ ಹಾಗೆ. ಹೊರಗಿನದ್ದನ್ನು ತಡೆದುಕೊಳ್ಳಲು ಬೇರೆ ದಾರಿ ಕಾಣದೆ ಕಣ್ಣು ಮುಚ್ಚಿಕೊಂಡಿರುತ್ತದೆ, ನಿದ್ದೆ ಹತ್ತಿರುವುದಿಲ್ಲ. ಊಟ ಹಾಗೇ ಉಳಿದಿದ್ದರೆ, ಮೈ ನೆಕ್ಕಿಕೊಳ್ಳದೆ ಕೂದಲು ಕೆದರಿದ್ದರೆ ಅನುಮಾನವೇ ಬೇಡ. ಒಂದು ದಿನ ಪೂರ್ತಿ ಏನೂ ತಿನ್ನಲಿಲ್ಲ ಅಂದರೆ ಡಾಕ್ಟರ್‌ಗೆ ಹೇಳಬೇಕು. ಉಪವಾಸ ಬಿದ್ದ ಬೆಕ್ಕಿನ ಕೊಬ್ಬು ಲಿವರ್‌ನಲ್ಲಿ ತುಂಬಿಕೊಂಡು ಕೆಲವೇ ದಿನದಲ್ಲಿ ಜೀವಕ್ಕೆ ಕುತ್ತು ಬರುತ್ತದೆ, ದಪ್ಪ ಬೆಕ್ಕಿಗೆ ಇನ್ನೂ ಬೇಗ.

ಇನ್ನು ಮುದ್ದೆ. ಕಾಲೆಲ್ಲ ಒಳಗೆ ಮಡಚಿ ರಾಗಿಮುದ್ದೆಯ ಹಾಗೆ ದುಂಡಗೆ ಕೂರುವ ಭಂಗಿಯನ್ನು ನಾವು ಹಾಗೇ ಕರೆಯುವುದು. ಇದರಲ್ಲಿ ಎರಡು ಬಗೆ. ಪಾದ ಒಳಗೆ ಮಡಚಿ, ತಲೆ ಎತ್ತಿ, ಕಣ್ಣು ಅರೆಮುಚ್ಚಿದ್ದರೆ ಅದು ಸುಖದ ಮುದ್ದೆ. ಬೆನ್ನು ಗೂನಾಗಿ, ತಲೆ ಭುಜಕ್ಕಿಂತ ಕೆಳಗೆ ಇಳಿದು, ಪಾದ ನೆಲಕ್ಕೆ ಒತ್ತಿಕೊಂಡಿದ್ದರೆ ಅದು ನೋವಿನ ಮುದ್ದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಕ್ರಮವೊಂದನ್ನು ಕೊಟ್ಟರು. ನೋಡಬೇಕಾದ್ದು ಐದು: ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ಮಟ್ಟ. ಕಿವಿ ಪಕ್ಕಕ್ಕೆ ತಿರುಗಿ, ಕಣ್ಣು ಕಿರಿದಾಗಿ, ಮೂತಿ ಬಿಗಿದು, ಮೀಸೆ ನೆಟ್ಟಗೆ ಸೆಟೆದು, ತಲೆ ಕುಸಿದಿದ್ದರೆ ನೋವಿದೆ ಅಂತಲೇ. ಆಗ ಅದು ಗುರ್‌ಗುರ್ ಅನ್ನುತ್ತಿದ್ದರೂ ನಂಬಬೇಡಿ. ಬೆಕ್ಕು ಸುಖದಲ್ಲಿ ಮಾತ್ರವಲ್ಲ, ನೋವಿನಲ್ಲೂ ಗುರ್‌ಗುರ್ ಅನ್ನುತ್ತದೆ.

ನಮ್ಮ ಬೂದು ಬೆಕ್ಕು ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಹೋಯಿತು. ಜೊತೆಗೆ ಅದರ ಕಂಬಳಿ ತುಂಡನ್ನು ಒಗೆಯದೆ ಕೊಟ್ಟೆವು. ಎರಡನೇ ದಿನವೇ ಫೋನ್ ಬಂತು. "ಬೀರು ಹಿಂದೆ ಹೋಗಿ ಕೂತಿದೆ ರೀ, ಎಷ್ಟು ಕರೆದ್ರೂ ಬರ್ತಿಲ್ಲ, ಎಳೆದು ಹೊರಗೆ ತೆಗೀಲಾ?" ಬೇಡ ಅಂದೆ. ಕಂಬಳಿಯನ್ನು ಬೀರು ಸಂದಿಯ ಹತ್ತಿರ ಇಡಿ, ಅಲ್ಲೇ ಊಟ ಇಡಿ, ಟ್ರೇ ಎದುರು ಮೂಲೆಗೆ ಇಡಿ. ಕೋಣೆಗೆ ಹೋದರೆ ನೆಲದ ಮೇಲೆ ಕೂತು ಬೇರೆ ಕೆಲಸ ಮಾಡಿಕೊಳ್ಳಿ, ದಿಟ್ಟಿಸಿ ನೋಡಬೇಡಿ. ಕಣ್ಣಿಗೆ ಕಣ್ಣು ಸಿಕ್ಕರೆ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯಿರಿ, ಬೆಕ್ಕಿನ ಭಾಷೆಯಲ್ಲಿ ಅದು ಜಗಳ ಇಲ್ಲ ಅನ್ನುವ ಸೂಚನೆ.

ಒಂಬತ್ತನೇ ದಿನ ಮತ್ತೆ ಫೋನ್. ಈ ಸಲ ಆ ಅಮ್ಮನ ದನಿ ಪಿಸುಮಾತಿನಲ್ಲಿತ್ತು. ಬೀರುವಿನ ಹಿಂದಿನಿಂದ ಬೀರುವಿನ ಮೇಲಕ್ಕೆ ಹತ್ತಿದೆಯಂತೆ. ಒಂದು ಕಾಲು ಕೆಳಗೆ ಇಳಿಬಿಟ್ಟುಕೊಂಡು, ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದೆ, ಮೀಸೆ ಅದುರುತ್ತಿದೆ, ಏನಾದರೂ ತೊಂದರೆಯಾ ಅಂತ ಕೇಳಿದರು. ಏನೂ ಇಲ್ಲ ಅಮ್ಮಾ, ನಿದ್ದೆ ಹತ್ತಿದೆ ಅಷ್ಟೇ, ಎಬ್ಬಿಸಬೇಡಿ ಅಂದೆ.